ವಾಯುಮಂಡಲದ ವಿರಳ ಅನಿಲಗಳೂ ಲೇಸರ್ ಬೆಳಕೂ

ಪಂಚಭೂತಗಳಲ್ಲಿ ವಾಯುವಿನಷ್ಟು ಮನುಷ್ಯನಿಗೆ ಸಮೀಪವಾದುದು ಬೇರೊಂದಿಲ್ಲ; ಅದರಷ್ಟು ಅಗೋಚರವಾದುದೂ ಬೇರೊಂದಿಲ್ಲ. ನೀರು ಕೆಟ್ಟರೆ ಅದರ ಬಣ್ಣವೋ ರುಚಿಯೋ ಬದಲಾಗುತ್ತದೆ. ಮಣ್ಣು ಕೆಟ್ಟರೆ ಪೈರು ಸೊರಗುತ್ತದೆ. ಗಾಳಿ ಕೆಟ್ಟಾಗ ಮಾತ್ರ ಅನೇಕ ವೇಳೆ ಕಣ್ಣಿಗೆ ಕಾಣುವಂಥದು ಏನೂ ನಡೆಯುವುದಿಲ್ಲ. ಕೆಟ್ಟುದು ತಿಳಿಯುವುದು ಉಸಿರಾಡಿದ ಮೇಲೆ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲ ನಗರದ ಮೇಲೆ ವಿಷಾನಿಲ ಹರಡಿದಾಗ ನಿದ್ರೆಯಲ್ಲಿದ್ದ ಸಾವಿರಾರು ಮಂದಿಗೆ ಅದರ ಸುಳಿವು ದೊರೆತದ್ದು ತಮ್ಮ ಕಣ್ಣುಗಳ ಉರಿಯಿಂದ ಮತ್ತು ಎದೆಯ ಸಂಕಟದಿಂದ. ದೇಹವೇ ಮಾಪಕವಾದರೆ ಅಳತೆ ಮುಗಿಯುವಷ್ಟರಲ್ಲಿ ದೇಹವೂ ಮುಗಿದಿರುತ್ತದೆ. ಆದುದರಿಂದಲೇ, ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಅನಿಲವನ್ನು ಮುಟ್ಟದೆ, ಮೂಸದೆ, ದೂರದಿಂದಲೇ ಅರಿಯುವ ಉಪಾಯವೊಂದಿದ್ದರೆ ಅದು ಕೇವಲ ವಿಜ್ಞಾನದ ವಿಲಾಸವೆನಿಸದು, ಜೀವರಕ್ಷಣೆಯ ಸಾಧನವೆನಿಸುತ್ತದೆ. ಅಂಥ ಉಪಾಯ ಇಂದು ಇದೆ. ಅದರ ಕೈಯಲ್ಲಿರುವ ಆಯುಧ ಬೆಳಕು. ಅದು ಕೆಲಸಮಾಡುವ ಬಗೆಯನ್ನೂ, ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕರಾವಳಿಗೆ ಅದರಿಂದ ಆಗಬಹುದಾದ ಉಪಯೋಗವನ್ನೂ ಇಲ್ಲಿ ವಿವರಿಸಲಾಗಿದೆ.

ವಿರಳ ಅನಿಲಗಳೆಂದರೇನು?

ಒಣಗಾಳಿಯ ನೂರು ಪಾಲಿನಲ್ಲಿ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ, ಒಂದು ಪಾಲಿಗೆ ಸ್ವಲ್ಪ ಕಡಿಮೆಯಾಗಿ ಆರ್ಗಾನ್. ಈ ಮೂರನ್ನು ಕಳೆದರೆ ಉಳಿಯುವುದು ಅತಿ ಕಿಂಚಿತ್ತು. ಆ ಕಿಂಚಿತ್ತಿನಲ್ಲಿಯೇ ಇಂಗಾಲದ ಡೈಆಕ್ಸೈಡ್, ಮೀಥೇನ್, ಓಜೋನ್, ಅಮೋನಿಯಾ, ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡುಗಳು ಮೊದಲಾದವೆಲ್ಲ ಅಡಕವಾಗಿವೆ. ಇವುಗಳಿಗೆ ವಿರಳ ಅನಿಲಗಳೆಂದು ಹೆಸರು. ಇಂಗಾಲದ ಡೈಆಕ್ಸೈಡ್ ಇಂದು ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲನ್ನು ಮೀರಿದೆ. ಯಂತ್ರಯುಗ ಆರಂಭವಾಗುವ ಮುನ್ನ ಅದು ಸುಮಾರು 280 ಪಾಲಿತ್ತು. ಮೀಥೇನ್ ಹತ್ತು ಲಕ್ಷಕ್ಕೆ ಎರಡು ಪಾಲಿಗೂ ತುಸು ಕಡಿಮೆ. ಗಂಧಕದ ಡೈಆಕ್ಸೈಡನ್ನು ಲೆಕ್ಕಹಾಕುವಾಗಲಂತೂ ನೂರು ಕೋಟಿ ಪಾಲಿಗೆ ಎಷ್ಟು ಪಾಲು ಎಂದು ಎಣಿಸಬೇಕಾಗುತ್ತದೆ.

ಈ ಪ್ರಮಾಣಗಳು ಮನಸ್ಸಿಗೆ ಹಿಡಿಯಬೇಕಾದರೆ ಕರಾವಳಿಯ ಹಳೆಯ ಅಕ್ಕಿಮುಡಿಯನ್ನು ನೆನೆಯಬಹುದು. ಹುಲ್ಲಿನಿಂದ ಬಿಗಿದು ಕಟ್ಟಿದ ಒಂದು ಮುಡಿಯಲ್ಲಿ ಸುಮಾರು 40 ಕಿಲೋಗ್ರಾಂ ಅಕ್ಕಿ ಇದ್ದರೆ, ಅದರಲ್ಲಿ ಸರಿಸುಮಾರಾಗಿ 20 ಲಕ್ಷ ಕಾಳುಗಳಿರುತ್ತವೆ. ಆ ಮುಡಿಯೊಳಗೆ ಎರಡು ಕಲ್ಲುಗಳು ಬೆರೆತಿದ್ದರೆ ಅದು ಹತ್ತು ಲಕ್ಷಕ್ಕೆ ಒಂದು ಎಂಬ ಪ್ರಮಾಣ. ಐನೂರು ಮುಡಿಗಳನ್ನು ಪೇರಿಸಿಟ್ಟ ಉಗ್ರಾಣದಲ್ಲಿ ಒಂದೇ ಒಂದು ಕಲ್ಲಿದ್ದರೆ ಅದು ನೂರು ಕೋಟಿಗೆ ಒಂದು ಎಂಬ ಪ್ರಮಾಣ. ಅನಿಲಮಾಪನದ ವಿಜ್ಞಾನಿಗೆ ಒಪ್ಪಿಸಿರುವ ಕೆಲಸ ಈ ಕಲ್ಲನ್ನು ಹುಡುಕುವುದು; ಅದೂ ಉಗ್ರಾಣದ ಬಾಗಿಲನ್ನು ತೆರೆಯದೆ.

ಇಷ್ಟು ಅಲ್ಪವಾದುದರಿಂದ ಏನಾದೀತು ಎಂಬ ಸಂಶಯ ಸಹಜ. ಮೀನನ್ನು ಕೆಡದಂತೆ ಇಡಲು ಬೇಕಾದ ಮಂಜುಗಡ್ಡೆಯನ್ನು ತಯಾರಿಸುವ ಕಾರ್ಖಾನೆಗಳಲ್ಲಿ ತಂಪುಗೊಳಿಸುವ ದ್ರವ್ಯವಾಗಿ ಸಾಮಾನ್ಯವಾಗಿ ಬಳಸುವುದು ಅಮೋನಿಯಾ. ಹತ್ತು ಲಕ್ಷಕ್ಕೆ ಕೆಲವೇ ಪಾಲಿದ್ದಾಗಲೇ ಅದರ ಘಾಟು ಮೂಗಿಗೆ ತಿಳಿಯುತ್ತದೆ. ದಿನವಿಡೀ ದುಡಿಯುವವರಿಗೆ 25 ಪಾಲು ಮೇಲಿನ ಮಿತಿಯೆಂದು ಆರೋಗ್ಯಶಾಸ್ತ್ರ ಎಣಿಸುತ್ತದೆ. 300 ಪಾಲು ತಲುಪಿದರೆ ಅಲ್ಲಿ ನಿಲ್ಲುವುದೇ ಪ್ರಾಣಾಪಾಯ. ಅಂದರೆ ಹತ್ತು ಸಾವಿರ ಪಾಲು ಗಾಳಿಯಲ್ಲಿ ಮೂರೇ ಪಾಲು ಅಮೋನಿಯಾ ಬೆರೆತರೆ ಉಳಿದ 9,997 ಪಾಲು ಶುದ್ಧ ಗಾಳಿಯೂ ಮನುಷ್ಯನನ್ನು ಕಾಪಾಡಲಾರದು.

ಮೂಗಿನ ಮಿತಿ, ಸೀಸೆಯ ಮಿತಿ

ಅನಿಲವನ್ನು ಅರಿಯಲು ಪ್ರಕೃತಿ ಕೊಟ್ಟ ಸಾಧನ ಮೂಗು. ಆದರೆ ಅದು ನಂಬಿಕೆಗೆ ಅರ್ಹವಾದ ಸಾಕ್ಷಿಯಲ್ಲ. ಮೀಥೇನಿಗೂ ಇಂಗಾಲದ ಮಾನಾಕ್ಸೈಡಿಗೂ ವಾಸನೆಯೇ ಇಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಏರಿದಂತೆ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದು ಸಮಾಧಾನಪಡುವ ಹೊತ್ತಿಗೆ ಅಪಾಯ ಹೆಚ್ಚಿರುತ್ತದೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಬಹಳ ಕಡಿಮೆಯಾದುದರಿಂದ ಸೋರಿಕೆ ತಿಳಿಯಲೆಂದು ಗಂಧಕಯುಕ್ತ ದ್ರವ್ಯವನ್ನು ಬೇಕೆಂದೇ ಬೆರೆಸುತ್ತಾರೆ.

ವಿಜ್ಞಾನದ ಹಳೆಯ ಕ್ರಮ ಬೇರೆ. ಗಾಳಿಯನ್ನು ಪಂಪಿನಿಂದ ಸೆಳೆದು ಸೀಸೆಯಲ್ಲಿಯ ದ್ರಾವಣದ ಮೂಲಕ ಹಾಯಿಸಿ, ಪ್ರಯೋಗಶಾಲೆಯಲ್ಲಿ ಅದರ ಬಣ್ಣವನ್ನು ಪರೀಕ್ಷಿಸುವುದು ಆ ಕ್ರಮ. ಇದು ನಿಖರವಾದುದು, ಇಂದಿಗೂ ಅಗತ್ಯವಾದುದು. ಆದರೆ ಅದು ಹೇಳುವುದು ಸೀಸೆಯನ್ನು ಇಟ್ಟ ಜಾಗದ ಸಂಗತಿಯನ್ನು ಮಾತ್ರ. ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಕಿರಿದಾದ ಪಟ್ಟಿಯಂತೆ ಹಬ್ಬಿರುವ ಈ ಮೂರು ತಾಲ್ಲೂಕುಗಳಲ್ಲಿ ಗಾಳಿಗೆ ದಿನಕ್ಕೆ ಎರಡು ಮುಖ. ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ಕಡಲಿನಿಂದ ದಡಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ದಡದಿಂದ ಕಡಲಿಗೆ ಹೊರಳುತ್ತದೆ. ಬಂದರಿನ ಪೂರ್ವದಲ್ಲಿ ಇಟ್ಟ ಸೀಸೆಗೆ ಹಗಲಿನ ಹೊಗೆ ಸಿಕ್ಕೀತು, ಇರುಳಿನದು ತಪ್ಪೀತು. ಪಶ್ಚಿಮದಲ್ಲಿ ಇಟ್ಟರೆ ಅದಕ್ಕೆ ತಿರುಗುಮುರುಗು. ಒಂದು ಬಿಂದುವಿನಲ್ಲಿ ನಿಂತ ಮಾಪಕ ಅರ್ಧ ಸತ್ಯವನ್ನೇ ಪ್ರಾಮಾಣಿಕವಾಗಿ ದಾಖಲಿಸುತ್ತಿರಬಹುದು. ಬಿಂದುವಿನ ಬದಲು ಒಂದು ರೇಖೆಯುದ್ದಕ್ಕೂ ಅಳೆಯುವಂತಾದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಬೆಳಕು ಸಲ್ಲಿಸುವ ಸೇವೆ ಇದೇ.

ಕಾಣೆಯಾದ ಬಣ್ಣವೇ ಗುರುತು

ಅಂಗೈಯಲ್ಲಿ ಹಿಡಿದ ನೀರಿಗೆ ಬಣ್ಣವಿಲ್ಲ. ಮರವಂತೆಯ ಹೆದ್ದಾರಿಯಲ್ಲಿ ನಿಂತು ನೋಡಿದರೆ ಅದೇ ನೀರು ಆಳದಲ್ಲಿ ನೀಲಿ. ಆಕಾಶದ ಪ್ರತಿಬಿಂಬ ಇದಕ್ಕೆ ಒಂದು ಕಾರಣವಾದರೆ, ಮತ್ತೊಂದು ಕಾರಣ ನೀರಿನೊಳಗೇ ಇದೆ. ನೀರಿನ ಅಣುಗಳು ಬಿಳಿ ಬೆಳಕಿನ ಕೆಂಪು ಭಾಗವನ್ನು ಅಷ್ಟಷ್ಟಾಗಿ ಹೀರಿಕೊಳ್ಳುತ್ತವೆ. ಬೊಗಸೆಯಷ್ಟು ನೀರಿನಲ್ಲಿ ಆ ನಷ್ಟ ತಿಳಿಯದು, ಹಲವು ಮಾರು ಆಳದಲ್ಲಿ ಅದು ಎದ್ದು ಕಾಣುತ್ತದೆ. ಈ ಒಂದು ಸಂಗತಿಯಲ್ಲಿ ಅನಿಲಮಾಪನದ ಎರಡು ಸೂತ್ರಗಳೂ ಅಡಗಿವೆ. ಪ್ರತಿಯೊಂದು ವಸ್ತುವೂ ತನಗೆ ಒಗ್ಗುವ ಬಣ್ಣಗಳನ್ನು ಮಾತ್ರ ಹೀರುತ್ತದೆ ಎಂಬುದು ಮೊದಲನೆಯದು. ಬೆಳಕು ನಡೆಯುವ ದಾರಿ ಉದ್ದವಾದಷ್ಟೂ ಅಲ್ಪವಾದ ಹೀರಿಕೆಯೂ ಅಳತೆಗೆ ಸಿಕ್ಕುತ್ತದೆ ಎಂಬುದು ಎರಡನೆಯದು.

ಅನಿಲಗಳಲ್ಲಿ ಈ ಆಯ್ಕೆ ಇನ್ನೂ ಕಟ್ಟುನಿಟ್ಟಾದುದು. ಅಣುವೊಂದು ಕಂಪಿಸಬಲ್ಲ, ತಿರುಗಬಲ್ಲ ವೇಗಗಳು ನಿಶ್ಚಿತ. ಆ ವೇಗಕ್ಕೆ ಹೊಂದುವ ತರಂಗಾಂತರದ ಬೆಳಕನ್ನು ಅದು ಹೀರುತ್ತದೆ. ಪಕ್ಕದ ತರಂಗಾಂತರವನ್ನು ಹಾಗೆಯೇ ಬಿಟ್ಟುಕೊಡುತ್ತದೆ. ಮೀಥೇನ್ ಅವಕೆಂಪು ಬೆಳಕಿನಲ್ಲಿ 1.65 ಮತ್ತು 3.3 ಮೈಕ್ರಾನುಗಳ ಸುತ್ತ ಹೀರುತ್ತದೆ. ಗಂಧಕದ ಡೈಆಕ್ಸೈಡ್ ಕಣ್ಣಿಗೆ ಕಾಣದ ಅತಿನೇರಳೆಯಲ್ಲಿ 0.3 ಮೈಕ್ರಾನಿನ ಆಸುಪಾಸಿನಲ್ಲಿ ಹೀರುತ್ತದೆ. ಸಾರಜನಕದ ಡೈಆಕ್ಸೈಡ್ ನೀಲಿಯನ್ನು ನುಂಗುವುದರಿಂದಲೇ ಅದು ಹೆಚ್ಚಾಗಿರುವ ಹೊಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಮನುಷ್ಯನಿಗೆ ಬೆರಳಚ್ಚು ಹೇಗೋ ಅನಿಲಕ್ಕೆ ಈ ಕಾಣೆಯಾದ ಬಣ್ಣಗಳ ಸಾಲು ಹಾಗೆ.

ದೂರದ ವಸ್ತುವನ್ನು ಬೆಳಕಿನ ಗುರುತಿನಿಂದ ಅರಿಯುವ ಈ ವಿದ್ಯೆಗೆ ಕನ್ನಡ ನೆಲದಲ್ಲಿಯೇ ಒಂದು ಹಳೆಯ ನಿದರ್ಶನವಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಜಾನ್ ಹರ್ಷೆಲ್ ಎಂಬ ಸೇನಾ ಇಂಜಿನಿಯರನು ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ ರೋಹಿತದರ್ಶಕವನ್ನು ಹೂಡಿದ್ದನು. ಮೋಡಗಳ ನಡುವೆ ದೊರೆತ ಅಲ್ಪ ಅವಕಾಶದಲ್ಲಿ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಉಜ್ವಲ ರೇಖೆಗಳನ್ನು ಕಂಡು, ಅವು ಉರಿಯುವ ಅನಿಲವೆಂದು ತಿಳಿದನು. ಅದೇ ದಿನ ಆಂಧ್ರದ ಗುಂಟೂರಿನಿಂದ ಫ್ರಾನ್ಸಿನ ಜಾನ್ಸೆನ್ನನೂ ಅವುಗಳನ್ನು ಕಂಡನು. ಹದಿನೈದು ಕೋಟಿ ಕಿಲೋಮೀಟರ್ ದೂರದ ಅನಿಲವನ್ನು ಜಮಖಂಡಿಯಲ್ಲಿ ನಿಂತು ಗುರುತಿಸಲು ಸಾಧ್ಯವಾದರೆ, ಹೊಳೆಯ ಆಚೆ ದಡದ ಅನಿಲವನ್ನು ಈಚೆ ದಡದಿಂದ ಗುರುತಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅದಕ್ಕೆ ಹೇಳಿದ ಬಣ್ಣದಲ್ಲಿ, ಹೇಳಿದ ದಿಕ್ಕಿಗೆ, ಚದರದೆ ಹೋಗುವ ಬೆಳಕು ಬೇಕಾಗಿತ್ತು. ಅದು ದೊರೆಯಲು ಮತ್ತೆ ಸುಮಾರು ನೂರು ವರ್ಷ ಕಾಯಬೇಕಾಯಿತು.

ಲೇಸರಿನ ಆಗಮನ

ಒಂದು ಪರಮಾಣುವಿನಿಂದ ಹೊರಟ ಬೆಳಕು ಮತ್ತೊಂದು ಪರಮಾಣುವನ್ನು ಪ್ರಚೋದಿಸಿ ತನ್ನಂಥದೇ ಬೆಳಕನ್ನು ಹೊರಡಿಸಬಲ್ಲದೆಂಬ ತತ್ತ್ವವನ್ನು ಐನ್‌ಸ್ಟೈನ್ 1917ರಲ್ಲಿ ಮಂಡಿಸಿದ್ದರು. 1960ರ ಮೇ 16ರಂದು ಅಮೆರಿಕದ ಥಿಯೊಡೋರ್ ಮೇಮನ್ ಮಾಣಿಕ್ಯದ ಹರಳಿನಿಂದ ಅಂಥ ಬೆಳಕನ್ನು ಹೊಮ್ಮಿಸಿದಾಗ ಮೊದಲ ಲೇಸರ್ ಹುಟ್ಟಿತು. ದೀಪದ ಬೆಳಕು ಜಾತ್ರೆಯಿಂದ ಚದರುವ ಜನರಂತೆ ನಾನಾ ಬಣ್ಣಗಳಲ್ಲಿ ನಾನಾ ದಿಕ್ಕಿಗೆ ಹೋಗುತ್ತದೆ. ಲೇಸರ್ ಬೆಳಕು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವ ಪಡೆಯಂತೆ ಒಂದೇ ಬಣ್ಣದಲ್ಲಿ ಒಂದೇ ದಿಕ್ಕಿಗೆ ಸಾಗುತ್ತದೆ. 1963ರಲ್ಲಿಯೇ ಫಿಯೊಕ್ಕೊ ಮತ್ತು ಸ್ಮಲಿನ್ ಎಂಬ ವಿಜ್ಞಾನಿಗಳು ಮಾಣಿಕ್ಯ ಲೇಸರನ್ನು ಆಕಾಶಕ್ಕೆ ಹಾಯಿಸಿ, ಎತ್ತರದ ವಾಯುಪದರಗಳಿಂದ ಮರಳಿದ ಕ್ಷೀಣ ಬೆಳಕನ್ನು ಹಿಡಿದರು. ರೇಡಿಯೋ ಅಲೆಗಳಿಂದ ಮಾಡುವ ಕೆಲಸಕ್ಕೆ ರೇಡಾರ್ ಎಂಬ ಹೆಸರಿರುವಂತೆ ಬೆಳಕಿನಿಂದ ಮಾಡುವ ಈ ಕೆಲಸಕ್ಕೆ ಲೈಡಾರ್ ಎಂಬ ಹೆಸರು ನಿಂತಿತು.

ಈ ಚರಿತ್ರೆಯಲ್ಲಿ ಭಾರತೀಯರ ಪಾಲೂ ಹಿರಿದು. ಮಹಾರಾಷ್ಟ್ರದ ಬಾರಾಮತಿಯಲ್ಲಿ 1938ರಲ್ಲಿ ಜನಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಸಿ. ಕುಮಾರ್ ಪಟೇಲರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1964ರಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ರೂಪಿಸಿದರು. ಲೋಹವನ್ನು ಕತ್ತರಿಸುವ ಕೆಲಸದಿಂದ ಶಸ್ತ್ರಚಿಕಿತ್ಸೆಯವರೆಗೆ ಅದು ಬಳಕೆಯಾಗಿದೆ. ಅದರ ಬೆಳಕು 9ರಿಂದ 11 ಮೈಕ್ರಾನುಗಳ ನಡುವೆ ಇರುವುದರಿಂದ, ಅಲ್ಲಿಯೇ ಹೀರುವ ಅಮೋನಿಯಾದಂಥ ಅನಿಲಗಳನ್ನು ಹುಡುಕಲೂ ಅದು ತಕ್ಕುದಾಯಿತು. ಪಟೇಲರೇ 1971ರಲ್ಲಿ ಕ್ರೂಜರ್ ಎಂಬ ಸಹೋದ್ಯೋಗಿಯೊಡನೆ ಗಾಳಿಯಲ್ಲಿಯ ನೈಟ್ರಿಕ್ ಆಕ್ಸೈಡನ್ನು ಲೇಸರಿನಿಂದ ಕಂಡುಹಿಡಿಯುವ ಕ್ರಮವನ್ನು ಪ್ರಕಟಿಸಿದರು.

ಇಬ್ಬರು ದೂತರ ಉಪಾಯ

ಗಾಳಿಗೆ ಲೇಸರ್ ಬೆಳಕನ್ನು ಬಿಟ್ಟರೆ ಅದು ಕುಂದಲು ಅನಿಲವೊಂದೇ ಕಾರಣವಾಗಬೇಕಾಗಿಲ್ಲ. ಧೂಳು, ಮಂಜು, ಹೊಗೆಯ ಕಣಗಳೂ ಅದನ್ನು ತಡೆಯುತ್ತವೆ. ಹಾಗಾದರೆ ಕಾಣೆಯಾದ ಬೆಳಕಿನಲ್ಲಿ ಅನಿಲ ನುಂಗಿದುದೆಷ್ಟು, ಧೂಳು ಚದರಿಸಿದುದೆಷ್ಟು ಎಂದು ತಿಳಿಯುವುದು ಹೇಗೆ? ಅಮೆರಿಕದ ಷಾಟ್‌ಲ್ಯಾಂಡ್ ಎಂಬ ವಿಜ್ಞಾನಿ 1960ರ ದಶಕದ ಮಧ್ಯದಲ್ಲಿ ನೀರಾವಿಯನ್ನು ಅಳೆಯುವಾಗ ತೋರಿಸಿದ ದಾರಿ ಸರಳವಾದುದು. ಒಂದೇ ದಾರಿಯಲ್ಲಿ ಇಬ್ಬರು ದೂತರನ್ನು ಕಳುಹಿಸಬೇಕು. ಒಬ್ಬನ ಬಣ್ಣ ಅನಿಲ ಹೀರುವ ಬಣ್ಣ. ಇನ್ನೊಬ್ಬನದು ಅದಕ್ಕೆ ಅತಿ ಸಮೀಪದ, ಆದರೆ ಅನಿಲ ಹೀರದ ಬಣ್ಣ. ಧೂಳೂ ಮಂಜೂ ಇಬ್ಬರನ್ನೂ ಸಮನಾಗಿ ಕಾಡುತ್ತವೆ. ಅನಿಲ ಮಾತ್ರ ಒಬ್ಬನನ್ನೇ ಹಿಡಿಯುತ್ತದೆ. ಇಬ್ಬರೂ ಮರಳಿದ ಮೇಲೆ ಅವರ ನಡುವೆ ಕಾಣುವ ವ್ಯತ್ಯಾಸವೇ ಅನಿಲದ ಅಳತೆ. ಈ ಕ್ರಮಕ್ಕೆ ಭೇದಾತ್ಮಕ ಹೀರಿಕೆಯ ಲೈಡಾರ್ ಎನ್ನಬಹುದು.

ಅನಿಲ ಎಷ್ಟು ದೂರದಲ್ಲಿದೆ ಎಂಬುದನ್ನೂ ಬೆಳಕೇ ಹೇಳುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗಿನ ಹೊತ್ತನ್ನು ಎಣಿಸಿ ಸಿಡಿಲಿನ ದೂರವನ್ನು ಅಂದಾಜು ಮಾಡುವಂತೆಯೇ ಇದು. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಲೇಸರಿನ ಒಂದು ಮಿಡಿತವನ್ನು ಕಳುಹಿಸಿ, ಗಾಳಿಯ ಕಣಗಳಿಂದ ಚದರಿ ಅದು ಮರಳುವುದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು, ಅಂದರೆ ಒಂದು ಮೈಕ್ರೋಸೆಕೆಂಡ್, ಹಿಡಿದರೆ ಅದು ಮರಳಿದ್ದು 150 ಮೀಟರ್ ದೂರದಿಂದ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ನಾಲ್ಕನೆಯ ಮೈಕ್ರೋಸೆಕೆಂಡಿನಲ್ಲಿ, ಅಂದರೆ 600 ಮೀಟರ್ ದೂರದಿಂದ, ಎರಡೂ ಬಣ್ಣಗಳು ಸಮನಾಗಿ ಮರಳಿದವು. ಐದನೆಯದರಲ್ಲಿ, ಅಂದರೆ 750 ಮೀಟರ್ ದೂರದಿಂದ, ಒಂದು ಬಣ್ಣ 100 ಪಾಲಾದರೆ ಇನ್ನೊಂದು 90 ಪಾಲಾಯಿತು. ಹಾಗಿದ್ದರೆ ಅನಿಲದ ಮೋಡ 600 ಮತ್ತು 750 ಮೀಟರುಗಳ ನಡುವೆಯೇ ಇದೆ ಎಂಬುದು ನಿಶ್ಚಯ. ಮುಟ್ಟದೆಯೇ ಅದರ ಜಾಗ ಸಿಕ್ಕಿತು. ಎಷ್ಟಿದೆ ಎಂಬುದೂ ಸಿಕ್ಕಿತು.

ದೂರದ ವಿವರ ಬೇಡವಾದಾಗ ಇನ್ನೂ ಸುಲಭವಾದ ಕ್ರಮವಿದೆ. ಒಂದು ಕಡೆ ಲೇಸರನ್ನೂ ಎದುರಿನಲ್ಲಿ ಕನ್ನಡಿಯನ್ನೂ ನಿಲ್ಲಿಸಿ, ಹೋಗಿ ಬಂದ ಬೆಳಕನ್ನು ಅಳೆಯುವುದು. ಬೆರಳ ತುದಿಯಷ್ಟು ಚಿಕ್ಕ ಅರೆವಾಹಕ ಲೇಸರುಗಳು ಬಂದ ಮೇಲೆ ಇಂಥ ಉಪಕರಣಗಳು ಹಗುರವಾಗಿವೆ. ವಿದ್ಯುತ್ತನ್ನು ತುಸು ಹೆಚ್ಚು ಕಡಿಮೆ ಮಾಡಿದರೆ ಅವುಗಳ ಬಣ್ಣ ಅನಿಲದ ಗೆರೆಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಒಬ್ಬನೇ ದೂತನು ಇಬ್ಬರ ಕೆಲಸವನ್ನು ಮಾಡುತ್ತಾನೆ. ಆದರೆ ಈ ಕ್ರಮದಲ್ಲಿ ದೊರೆಯುವುದು ದಾರಿಯುದ್ದದ ಒಟ್ಟು ಮೊತ್ತ. ಹತ್ತು ಮೀಟರಿನಲ್ಲಿ ದಟ್ಟವಾಗಿ ಕವಿದ ಅನಿಲವೂ ನೂರು ಮೀಟರಿನಲ್ಲಿ ಅದರ ಹತ್ತನೆಯ ಒಂದು ಪಾಲಿನಷ್ಟು ತೆಳುವಾಗಿ ಹರಡಿದ ಅನಿಲವೂ ಒಂದೇ ಅಂಕಿಯನ್ನು ಕೊಡುತ್ತವೆ. ಅಂಕಿಯನ್ನು ಓದುವವನಿಗೆ ಈ ವಿವೇಕವಿರಬೇಕು.

ರಾಮನ್ ಪರಿಣಾಮದ ದಾರಿ

ಹೀರಿಕೆಯನ್ನು ಬಿಟ್ಟು ಇನ್ನೊಂದು ದಾರಿಯೂ ಇದೆ. ಚದರಿದ ಬೆಳಕಿನಲ್ಲಿ ಅತ್ಯಲ್ಪ ಭಾಗ ತನ್ನ ಬಣ್ಣವನ್ನು ಬದಲಿಸಿಕೊಂಡು ಬರುತ್ತದೆಂದೂ, ಆ ಬದಲಾವಣೆ ಚದರಿಸಿದ ಅಣುವಿನ ಗುರುತೆಂದೂ ಸರ್ ಸಿ. ವಿ. ರಾಮನ್ನರು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡರು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. 1948ರಲ್ಲಿ ಅಲ್ಲಿಯೇ ತಮ್ಮ ಸಂಶೋಧನಾಲಯವನ್ನು ಕಟ್ಟಿದರು. 1970ರ ನವೆಂಬರ್ 21ರಂದು ಅಲ್ಲಿಯೇ ನಿಧನರಾದರು. ಅವರು ಜೀವಿಸಿದ್ದಾಗಲೇ, 1967ರಲ್ಲಿ, ಲಿಯೊನಾರ್ಡ್ ಎಂಬ ವಿಜ್ಞಾನಿ ಲೇಸರನ್ನು ಬಯಲು ಗಾಳಿಗೆ ಹಾಯಿಸಿ ರಾಮನ್ ಚದರಿಕೆಯಿಂದ ಸಾರಜನಕವನ್ನು ದೂರದಿಂದ ಗುರುತಿಸಿದನು. ಇದರಲ್ಲಿ ಒಂದೇ ಬಣ್ಣದ ಲೇಸರ್ ಸಾಕು. ಮರಳಿ ಬರುವ ಬೆಳಕಿನಲ್ಲಿ ಒಂದೊಂದು ಅನಿಲವೂ ತನ್ನ ತನ್ನ ಬಣ್ಣದಲ್ಲಿ ಹಾಜರಿ ಹಾಕುತ್ತದೆ. ಆದರೆ ಆ ಬೆಳಕು ಬಹಳ ಕ್ಷೀಣ. ಹಗಲಿನ ಬಿಸಿಲಿನಲ್ಲಿ ಅದು ಮುಳುಗಿಹೋಗುತ್ತದೆ. ಆದುದರಿಂದ ಈ ಕ್ರಮ ಹೆಚ್ಚಾಗಿ ನೀರಾವಿಯಂಥ ಹೇರಳವಾದ ಅನಿಲಕ್ಕೆ ಒಪ್ಪುತ್ತದೆ. ನೂರು ಕೋಟಿಗೆ ಕೆಲವೇ ಪಾಲಿರುವ ಅನಿಲಕ್ಕೆ ಹೀರಿಕೆಯ ಕ್ರಮವೇ ಗತಿ.

ಭಾರತದಲ್ಲಿ ಲೈಡಾರ್ ವಿದ್ಯೆ ಬೇರೂರಿ ದಶಕಗಳಾಗಿವೆ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯಲ್ಲಿ 1986ರಿಂದ ಆರ್ಗಾನ್ ಲೇಸರಿನ ಲೈಡಾರ್ ಗಾಳಿಯ ಕಣಗಳನ್ನು ಅಳೆಯಿತು. ತಿರುಪತಿಯ ಸಮೀಪದ ಗಾದಂಕಿಯಲ್ಲಿ 1998ರಲ್ಲಿ ದೊಡ್ಡ ಲೈಡಾರ್ ಸ್ಥಾಪನೆಯಾಯಿತು. ಬ್ರಹ್ಮಾವರದಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳ ದೂರದ ಮಣಿಪಾಲದಲ್ಲಿ ಪರಮಾಣು ಮತ್ತು ಅಣು ಭೌತಶಾಸ್ತ್ರ ವಿಭಾಗವು ಲೇಸರ್ ರೋಹಿತವಿದ್ಯೆಯನ್ನು ರೋಗನಿದಾನಕ್ಕೆ ಅಳವಡಿಸುವ ಸಂಶೋಧನೆಯನ್ನು ನಡೆಸಿದೆ. ಉದ್ದೇಶ ಬೇರೆಯಾದರೂ ಅಣುವನ್ನು ಬೆಳಕಿನಿಂದ ಗುರುತಿಸುವ ಮೂಲವಿದ್ಯೆ ಒಂದೇ. ಹೊರದೇಶಗಳಲ್ಲಿ ಈ ವಿದ್ಯೆ ಆಕಾಶವನ್ನೂ ಏರಿದೆ. 2022ರ ಏಪ್ರಿಲ್‌ನಲ್ಲಿ ಚೀನಾ ಹಾರಿಸಿದ ಉಪಗ್ರಹವೊಂದು ಎರಡು ಬಣ್ಣಗಳ ಉಪಾಯದಿಂದಲೇ ಭೂಮಿಯ ಮೇಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತದೆ.

ಈ ಕರಾವಳಿಗೆ ಏನು ಪ್ರಯೋಜನ?

ಐದು ನದಿಗಳು ಕೂಡುವ ಪಂಚಗಂಗಾವಳಿಯ ಒಂದು ದಡದಲ್ಲಿ ಕುಂದಾಪುರ, ಇನ್ನೊಂದು ದಡದಲ್ಲಿ ಗಂಗೊಳ್ಳಿಯ ಮೀನುಗಾರಿಕಾ ಬಂದರು. ಮೀನುಗಾರಿಕೆ ಇರುವಲ್ಲಿ ಮಂಜುಗಡ್ಡೆ ಬೇಕು. ಮಂಜುಗಡ್ಡೆ ಮಾಡುವಲ್ಲಿ ಅಮೋನಿಯಾ ಇರುತ್ತದೆ. ಅಮೋನಿಯಾ ಗಾಳಿಗಿಂತ ಹಗುರವೆಂದು ಪುಸ್ತಕ ಹೇಳುತ್ತದೆ. ಆದರೆ ಒತ್ತಡದಲ್ಲಿದ್ದ ದ್ರವ ಒಮ್ಮೆಗೇ ಹೊರನುಗ್ಗಿದರೆ ಅದು ತಣ್ಣನೆಯ ಮಂಜಾಗಿ ನೆಲಕ್ಕೆ ಅಂಟಿಕೊಂಡು ಹರಿಯಬಹುದು. ಹಗಲಾದರೆ ಅದು ಊರಿನತ್ತ, ಇರುಳಾದರೆ ನೀರಿನ ಮೇಲಿನ ದೋಣಿಗಳತ್ತ ಸರಿಯುತ್ತದೆ. ಇಂಥ ಕಾರ್ಖಾನೆಯ ಸುತ್ತಲೂ ಬೇಲಿಯ ಸಾಲಿನಲ್ಲಿ ಲೇಸರ್ ಕಿರಣವೊಂದನ್ನು ಹಾಯಿಸಿದ್ದರೆ, ಸೋರಿಕೆ ಯಾವ ದಿಕ್ಕಿಗೆ ಹೊರಟರೂ ಆ ಕಿರಣವನ್ನು ದಾಟದೆ ಹೋಗಲಾರದು. ಕವಾಟ ಸೋರುತ್ತಿದೆಯೋ ಎಂದು ನೋಡಲು ಕೆಲಸಗಾರನೊಬ್ಬನು ತನ್ನ ಉಸಿರನ್ನೇ ಪಣವಾಗಿಟ್ಟು ಒಳಗೆ ಹೋಗಬೇಕಾಗುವುದಿಲ್ಲ. ಕಾಯಕವನ್ನು ಪೂಜೆಯೆಂದು ಎಣಿಸುವ ಸಮಾಜಕ್ಕೆ ಕಾಯಕ ಮಾಡುವವನ ದೇಹವನ್ನು ರಕ್ಷಿಸುವುದೂ ಆ ಪೂಜೆಯ ಅಂಗವೇ.

ಎರಡನೆಯದು ಹೆದ್ದಾರಿ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಊರುಗಳ ಮಧ್ಯದಲ್ಲಿಯೇ ಹಾಯುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅನಿಲದ ಟ್ಯಾಂಕರುಗಳು ಸಂಚರಿಸುತ್ತವೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿಯ ಸಮೀಪದ ಪೆರ್ನೆಯಲ್ಲಿ ಟ್ಯಾಂಕರೊಂದು ಮಗುಚಿ, ಸೋರಿದ ಅನಿಲಕ್ಕೆ ಬೆಂಕಿ ತಗುಲಿ, ರಸ್ತೆಬದಿಯ ಮನೆಗಳವರೂ ಪ್ರಾಣ ಕಳೆದುಕೊಂಡದ್ದನ್ನು ಕರಾವಳಿಯ ಜನ ಮರೆತಿಲ್ಲ. ಮಗುಚಿದ ಟ್ಯಾಂಕರಿನಿಂದ ಅನಿಲ ಎಲ್ಲಿಯವರೆಗೆ ಹರಡಿದೆ, ಯಾವ ಮನೆಯ ಒಲೆಯನ್ನು ಆರಿಸಬೇಕು, ಯಾವ ಕಡೆಯಿಂದ ಜನರನ್ನು ಸಾಗಿಸಬೇಕು ಎಂಬುದನ್ನು ದೂರದಲ್ಲಿ ನಿಂತು ತಿಳಿಯುವಂತಾದರೆ ರಕ್ಷಣೆಗೆ ಬಂದವರು ತಾವೇ ಬಲಿಯಾಗುವುದು ತಪ್ಪುತ್ತದೆ. ನೈಸರ್ಗಿಕ ಅನಿಲದ ಕೊಳವೆಮಾರ್ಗಗಳ ಸೋರಿಕೆಯನ್ನು ಹತ್ತಾರು ಮೀಟರ್ ದೂರದಿಂದ ಹುಡುಕುವ, ಕೈಯಲ್ಲಿ ಹಿಡಿಯಬಹುದಾದ ಮೀಥೇನ್ ಮಾಪಕಗಳು ಈಗಾಗಲೇ ಪ್ರಪಂಚದಲ್ಲಿ ಬಳಕೆಯಲ್ಲಿವೆ. ಕೊಚ್ಚಿಯಿಂದ ಕಾಸರಗೋಡಿನ ಮೂಲಕ ಮಂಗಳೂರಿಗೆ ಬರುವ 450 ಕಿಲೋಮೀಟರ್ ಉದ್ದದ ಅನಿಲ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಈ ವಿಷಯ ಕರಾವಳಿಗೆ ದೂರದ್ದಾಗಿ ಉಳಿದಿಲ್ಲ.

ಮೂರನೆಯದು ಗದ್ದೆ. ಬೆಟ್ಟು, ಮಜಲು, ಬೈಲು ಎಂಬ ಮೂರು ಬಗೆಯ ಗದ್ದೆಗಳಲ್ಲಿ ನೀರು ಹೆಚ್ಚು ಕಾಲ ನಿಲ್ಲುವುದು ಬೈಲಿನಲ್ಲಿ. ನಿಂತ ನೀರಿನ ಅಡಿಯ ಕೆಸರಿಗೆ ಆಮ್ಲಜನಕ ತಲುಪದಿರುವುದರಿಂದ ಅಲ್ಲಿಯ ಸೂಕ್ಷ್ಮಜೀವಿಗಳು ಮೀಥೇನನ್ನು ಉಂಟುಮಾಡುತ್ತವೆ. ಭತ್ತದ ಕಾಂಡದೊಳಗಿನ ಗಾಳಿದಾರಿಗಳೇ ಅದನ್ನು ಹೊರಕ್ಕೆ ಸಾಗಿಸುತ್ತವೆ. ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಕಾಯಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ನೀರನ್ನು ನಡುನಡುವೆ ಬಸಿದು ಗದ್ದೆಯನ್ನು ಆರಲು ಬಿಟ್ಟರೆ ಇದು ಕಡಿಮೆಯಾಗುತ್ತದೆಂದು ಕೃಷಿವಿಜ್ಞಾನ ಕಂಡುಕೊಂಡಿದೆ. ಆದರೆ ಜಡಿಮಳೆಯ ನಾಡಿನ ಬೈಲಿನಲ್ಲಿ ಅದು ಎಷ್ಟರಮಟ್ಟಿಗೆ ಸಾಧ್ಯ, ಎಷ್ಟು ಫಲಕಾರಿ ಎಂಬುದನ್ನು ಗದ್ದೆಯಲ್ಲಿಯೇ ಅಳೆದು ನೋಡಬೇಕು. ಪೈರಿನ ಮೇಲೆ ಪೆಟ್ಟಿಗೆ ಕವುಚಿ ಅಳೆಯುವ ಕ್ರಮ ಒಂದು ಗೇಣು ನೆಲದ ಲೆಕ್ಕವನ್ನು ಕೊಡುತ್ತದೆ. ಬೈಲಿನ ಈ ಅಂಚಿನಿಂದ ಆ ಅಂಚಿಗೆ ಹಾಯಿಸಿದ ಕಿರಣ, ಗಾಳಿಯ ವೇಗದ ಅಳತೆಯೂ ಜೊತೆಗೂಡಿದರೆ, ಇಡೀ ಬೈಲಿನ ಲೆಕ್ಕವನ್ನು ಕೊಡುತ್ತದೆ. ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರವೇ ಇರುವುದರಿಂದ ಇಂಥ ಪರೀಕ್ಷೆಗೆ ತಕ್ಕ ನೆಲೆ ಮನೆಯ ಬಾಗಿಲಲ್ಲಿಯೇ ಇದೆ.

ಬೆಳಕಿಗೂ ಕತ್ತಲೆಯುಂಟು

ಈ ಉಪಾಯ ಸರ್ವಶಕ್ತವೆಂದು ಭಾವಿಸಲಾಗದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಜಡಿಮಳೆ ಹಿಡಿದಾಗ ಕಿರಣ ದೂರ ಹೋಗಲಾರದು. ಕರಾವಳಿಯ ಗಾಳಿಯಲ್ಲಿ ಸದಾ ತುಂಬಿರುವ ನೀರಾವಿಯೂ ಅವಕೆಂಪಿನ ಅನೇಕ ಬಣ್ಣಗಳನ್ನು ಹೀರುವುದರಿಂದ, ನೀರಾವಿಗೆ ಸೇರದ ಗೆರೆಗಳನ್ನು ಆರಿಸಿಕೊಳ್ಳಬೇಕು. ಉಪ್ಪುಗಾಳಿ ಕನ್ನಡಿಗಳನ್ನು ಮಸುಕಾಗಿಸುತ್ತದೆ. ಅವುಗಳನ್ನು ಒರೆಸುವ ಕೈ ಬೇಕು. ತಿಳಿದ ಪ್ರಮಾಣದ ಅನಿಲವನ್ನು ತುಂಬಿದ ಗಾಜಿನ ಕೊಳವೆಯಿಂದ ಉಪಕರಣವನ್ನು ಆಗಾಗ್ಗೆ ಒರೆಗೆ ಹಚ್ಚಬೇಕು. ಕೆಲವು ಬಣ್ಣಗಳ ಲೇಸರ್ ಕಣ್ಣಿಗೆ ಕೇಡು. ಜನ ಓಡಾಡುವಲ್ಲಿ ಅದನ್ನು ಹಾಯಿಸುವಂತಿಲ್ಲ. ದೊಡ್ಡ ಲೈಡಾರುಗಳ ಬೆಲೆಯೂ ದೊಡ್ಡದು. ಆದುದರಿಂದ ಸೀಸೆಯ ಹಳೆಯ ಕ್ರಮವೂ ಲೇಸರಿನ ಹೊಸ ಕ್ರಮವೂ ಒಂದರ ಮಾತನ್ನು ಇನ್ನೊಂದು ಪರೀಕ್ಷಿಸುತ್ತ ಜೊತೆಯಾಗಿ ನಡೆಯಬೇಕಾದುವು.

ಇದೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. 2009ರಲ್ಲಿ ನಮ್ಮ ದೇಶ ಪ್ರಕಟಿಸಿದ ಗಾಳಿಯ ಮಾನಕಗಳ ಪ್ರಕಾರ ಜನವಸತಿಯಲ್ಲಿ ಗಂಧಕದ ಡೈಆಕ್ಸೈಡಿನ 24 ಗಂಟೆಗಳ ಸರಾಸರಿ ಘನಮೀಟರಿಗೆ 80 ಮೈಕ್ರೋಗ್ರಾಂ, ಅಮೋನಿಯಾದ್ದು 400 ಮೈಕ್ರೋಗ್ರಾಂ ಮೀರಕೂಡದು. ಮಿತಿಯನ್ನು ಕಾಗದದ ಮೇಲೆ ಬರೆದರೆ ಸಾಲದು. ಅಳೆದಾಗಲೇ ಅದಕ್ಕೆ ಅರ್ಥ. ಕಾರ್ಖಾನೆಯವರು ಏನೂ ಇಲ್ಲವೆನ್ನುವುದೂ, ನೆರೆಯವರು ವಾಸನೆ ಬರುತ್ತಿದೆಯೆನ್ನುವುದೂ ಎಲ್ಲ ಊರುಗಳಲ್ಲಿ ಕೇಳಿಬರುವ ವಾದ. ಮೂಗಿನ ಸಾಕ್ಷ್ಯವನ್ನು ಯಾರೂ ಬರೆದಿಡಲಾರರು. ಬೇಲಿಯ ಮೇಲೆ ಹಗಲಿರುಳು ಹಾಯುವ ಕಿರಣವಾದರೆ ಗಂಟೆಗಂಟೆಯ ಲೆಕ್ಕವನ್ನು ಇಡುತ್ತದೆ. ತಪ್ಪಿದ್ದರೆ ಅದು ನೆರೆಯವರ ಪರ ನಿಲ್ಲುತ್ತದೆ. ತಪ್ಪಿಲ್ಲದಿದ್ದರೆ ಕಾರ್ಖಾನೆಯವರ ಪರ ನಿಲ್ಲುತ್ತದೆ. ಅದಕ್ಕೆ ಪಕ್ಷವಿಲ್ಲ. ಆದರೆ ಆ ಲೆಕ್ಕ ಬೀರುವಿನಲ್ಲಿ ಬೀಗಹಾಕಿಕೊಂಡು ಕುಳಿತರೆ ಪ್ರಯೋಜನವಿಲ್ಲ; ಊರಿನ ಜನ ಓದುವಂತಿರಬೇಕು, ಓದಲು ಬಲ್ಲವರು ಊರಿನಲ್ಲಿರಬೇಕು.

ಆ ಓದಿನ ಆರಂಭ ಶಾಲೆಯಲ್ಲಿಯೇ ಆಗಬಹುದು. ರಟ್ಟಿನ ಪೆಟ್ಟಿಗೆಯೊಂದರ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಕಿರಿದಾದ ಸೀಳನ್ನು ಕೊರೆದು, ಎದುರು ಬದಿಯಲ್ಲಿ ಹಳೆಯ ಸಿ.ಡಿ. ತಟ್ಟೆಯ ತುಣುಕನ್ನು ಓರೆಯಾಗಿ ಅಂಟಿಸಿ, ಮೇಲಿನ ಕಿಂಡಿಯಿಂದ ನೋಡಿದರೆ ಬೆಳಕು ಬಣ್ಣಬಣ್ಣವಾಗಿ ಬಿಡಿಸಿಕೊಳ್ಳುತ್ತದೆ. ಮನೆಯ ಟ್ಯೂಬ್‌ಲೈಟ್ ಕೆಲವು ಗೆರೆಗಳನ್ನು ತೋರಿಸುತ್ತದೆ. ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪು ಚಿಮುಕಿಸಿದರೆ ಸೋಡಿಯಮ್ಮಿನ ಹಳದಿ ಗೆರೆ ಮಿಂಚುತ್ತದೆ. ಸೂರ್ಯನನ್ನಾಗಲಿ ಲೇಸರನ್ನಾಗಲಿ ಅದರ ಮೂಲಕ ಎಂದಿಗೂ ನೋಡಕೂಡದು. ಜಮಖಂಡಿಯಲ್ಲಿ ಹರ್ಷೆಲ್ ಹೂಡಿದ ಯಂತ್ರದ ಮೂಲತತ್ತ್ವ ಆ ರಟ್ಟಿನ ಪೆಟ್ಟಿಗೆಯಲ್ಲಿ ಇದೆ. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದು, ವಿಜ್ಞಾನವನ್ನು ಕನ್ನಡದಲ್ಲಿಯೇ ಹೇಳಲು ಸಾಧ್ಯವೆಂದು ತೋರಿಸಿಕೊಟ್ಟರು. ಗಾಳಿಗೆ ಒಡೆಯನಿಲ್ಲ, ಬೇಲಿಯಿಲ್ಲ, ಕುಲವಿಲ್ಲ. ಅದು ಎಲ್ಲರಿಗೂ ಸಮನಾಗಿ ಬಡಿಸಿದ ದಾಸೋಹ. ಆ ಎಡೆಯಲ್ಲಿ ಏನು ಬೆರೆತಿದೆ ಎಂದು ಅಳೆದು ಹೇಳಬಲ್ಲ ಹುಡುಗರು ಮತ್ತು ಹುಡುಗಿಯರು ಈ ಕರಾವಳಿಯ ಶಾಲೆಗಳಿಂದಲೇ ಹೊರಬರಬೇಕಾಗಿದೆ.